ಒಂದೇ ಗುಂಡಿನ ಬಂದೂಕೂ ಅತ್ತೆಯ ಶೇಂಗಾ ಹೊಲವೂ

ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಬಂದೂಕು ಇರುವ ಮನೆಯಲ್ಲಿ ಗುಂಡು ಹಾರುವುದು ಅಪರೂಪ. ಉಳಿದದ್ದೆಲ್ಲ ನಡೆಯುತ್ತಲೇ ಇರುತ್ತದೆ.

ಬಂದೂಕು ನನ್ನ ಸೋದರಮಾವನದು. ಮನೆ ಸುರಪುರದ ರಂಗಂಪೇಟೆಯಲ್ಲಿ. ಅವರಪ್ಪನ ಕಾಲದ ರೈಫಲ್ಲು. ಗುಂಡು ಹಾರಿಸಲು ಒತ್ತುವ ಕುದುರೆಯ ಕೆಳಗಿನ ಹಿಡಿಯನ್ನು ಎಳೆದರೆ ಬಾಯಿ ತೆರೆಯುತ್ತದೆ, ಒಂದು ತೋಟಾ ಹಾಕಬೇಕು, ಹಿಡಿ ಮೇಲಕ್ಕೆ ಒತ್ತಿದರೆ ಬಾಯಿ ಮುಚ್ಚುತ್ತದೆ. ಎರಡನೇ ಗುಂಡು ಬೇಕೆಂದರೆ ಇದನ್ನೆಲ್ಲ ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ ಬೆಳೆ ತಿನ್ನಲು ಬಂದ ಕಾಡುಹಂದಿ ಕೃಷ್ಣಾ ನದಿ ದಾಟಿ ಆಚೆ ದಂಡೆಯಲ್ಲಿ ಮೈ ಒರೆಸಿಕೊಳ್ಳುತ್ತಿರುತ್ತದೆ.

ಲೈಸೆನ್ಸು ಕೊಟ್ಟಿರುವುದು ಬೆಳೆ ರಕ್ಷಣೆಗೆ. ಹೊಲ ಅತ್ತೆಯ ಹೆಸರಿನಲ್ಲಿದೆ, ಅವಳಪ್ಪ ಕೊಟ್ಟದ್ದು, ನಾರಾಯಣಪುರದ ಕಾಲುವೆ ನೀರು ಬರುವ ಹೊಲ. ಬೆಳೆಯುವುದು ಅತ್ತೆ, ರಕ್ಷಿಸುವುದು ಮಾವ. ಲಗ್ನವಾದಾಗಿನಿಂದ ಅತ್ತೆಗೆ ಒಂದೇ ಆಸೆ. ಒಂದು ಸಲವಾದರೂ ಹೊಲದ ಶೇಂಗಾ ಪೂರಾ ಮನೆಗೆ ಬರಬೇಕು. ಬಂದಿರಲಿಲ್ಲ.

ಸುರಪುರದ ಕಡೆ ಬಂದೂಕಿಗೆ ಇರುವ ಮರ್ಯಾದೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಇಲ್ಲಿ ಪ್ರತಿಯೊಬ್ಬನ ಮುತ್ತಜ್ಜನೂ ರಾಜನ ದಂಡಿನ ಮುಂದಿನ ಸಾಲಿನಲ್ಲಿದ್ದವನೇ. ಹಿಂದಿನ ಸಾಲಿನಲ್ಲಿದ್ದವರಿಗೆ ಮಕ್ಕಳೇ ಆಗಲಿಲ್ಲವೋ ಏನೋ. ನಾನು ಶಹಾಪುರದ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕ. ನನ್ನ ನೌಕರಿಯನ್ನು ವರ್ಷವರ್ಷ ನವೀಕರಿಸುತ್ತಾರೆ. ಬಂದೂಕಿನ ಲೈಸೆನ್ಸು ಅದಕ್ಕಿಂತ ಹೆಚ್ಚು ಬಾಳುತ್ತದೆ. ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವನ ಮಗ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಬಂದೂಕಿನ ಮಾತು ಬಂದರೆ ಅವನಿಗೆ ತಕ್ಷಣ ಪಾಳಿ ಬೀಳುತ್ತದೆ. ಹೀಗಾಗಿ ಬಂದೂಕಿನ ಕೆಲಸಗಳಿಗೆಲ್ಲ ನಾನೇ ಓಡಾಡುವುದು. ಅತಿಥಿ ತಾನೆ, ಬಿಡುವಿರುತ್ತದೆ ಎಂಬ ಲೆಕ್ಕ.

೧. ಎರಡನೇ ನಳಿಗೆ

ಪಕ್ಕದ ಹೊಲದವನೊಬ್ಬ ಜೋಡು ನಳಿಗೆಯ ಬಂದೂಕು ಕೊಂಡು ತಂದ. ತೋರಿಸಲು ಮಾವನ ಮನೆಗೇ ಬಂದ. ಆಗ ಕಟ್ಟೆಯ ಮೇಲೆ ಶಹಾಪುರದ ಉಸ್ತಾದನೂ ಕೂತಿದ್ದ. ಈ ಉಸ್ತಾದ ಬಂದೂಕು ರಿಪೇರಿಯವನು. ಈಗ ಬಂದೂಕು ಯಾರೂ ತರುವುದಿಲ್ಲವೆಂದು ನೀರಿನ ಪಂಪು ರಿಪೇರಿ ಮಾಡುತ್ತಾನೆ. ಆದರೆ ಪಂಪಿನ ಬಗ್ಗೆ ಮಾತಾಡುವುದಿಲ್ಲ.

ಮಾವ ಹೊಸ ಬಂದೂಕನ್ನು ಮುಟ್ಟಲೂ ಇಲ್ಲ.

"ಎರಡ ನಳಗಿ ಯಾಕಪಾ?"

"ಒಂದ ತಪ್ಪಿದ್ರ ಇನ್ನೊಂದ ಇರ್ತದಲ್ಲ, ಕಾಕಾ."

"ಅಂದ್ರ ತಪ್ಪತದ ಅಂತ ಮನಿ ಬಿಡೂ ಮುಂದೇ ಒಪ್ಪಿಕೊಂಡಂಗ ಆತು."

ಉಸ್ತಾದ ಗಜಲ್ ಕೇಳಿದವನಂತೆ ತಲೆದೂಗಿದ. "ಕ್ಯಾ ಬಾತ್ ಕಹೀ. ನೋಡ್ರಿ ಮಾಸ್ತರ್, ಐದ ಗೋಲಿ ಇದ್ದಾಂವ ನಾಕ ಗೋಲಿ ಗಾಳಿಗೆ ದಾನ ಮಾಡ್ತಾನ. ಒಂದ ಗೋಲಿ ಇದ್ದಾಂವನ ಕೈ ಅಳ್ಳಾಡಂಗಿಲ್ಲ. ಅದು ಬಂದೂಕ ಅಲ್ರಿ, ನಿಯತ್ತು."

ಮಾತು ಪೂರಾ ಸುಳ್ಳಲ್ಲ. ಆ ಬಂದೂಕು ಹಗುರ, ಕೆಡಲು ಅದರಲ್ಲಿ ಹೆಚ್ಚು ಭಾಗಗಳಿಲ್ಲ, ಇರುವುದು ಒಂದೇ ಗುಂಡು ಎಂದಾಗ ಮನುಷ್ಯ ಯೋಚಿಸಿ ಹೊಡೆಯುತ್ತಾನೆ. ಇದನ್ನೆಲ್ಲ ನಾನೂ ಒಪ್ಪುತ್ತೇನೆ. ಮಾವನ ತೊಂದರೆಯೆಂದರೆ, ಯೋಚನೆಯಾದ ಮೇಲಿನ ಕೆಲಸ ಅವನಿಗೆ ಬಾಕಿ ಉಳಿದುಬಿಡುತ್ತದೆ.

"ಇಲ್ಲೀಮಟ ಎಷ್ಟ ಸಲ ಹೊಡದಿ ಮಾವ?" ಎಂದೆ.

"ಒಮ್ಮೆನೂ ತಪ್ಪಿಲ್ಲ."

"ತಪ್ಪಿದ್ದಲ್ಲ, ಹೊಡದದ್ದು ಕೇಳಿದೆ."

"ಒಮ್ಮೆನೂ ತಪ್ಪಿಲ್ಲ ಅಂದೆನಲ್ಲ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಹೇಳಿದಳು, "ಹಾರಿಸಲಾರದ ಗುಂಡ ಹೆಂಗ ತಪ್ಪತದ?"

೨. ಕಾಯುವ ವಿದ್ಯೆ

ಒಮ್ಮೆ ಮಾವನ ಜೊತೆ ನಾನೂ ಹೊಲ ಕಾಯಲು ಕಟ್ಟಿದ ಮಂಚಿಕೆಯ ಮೇಲೆ ಕೂತೆ. ಹೊತ್ತು ಮುಳುಗುತ್ತಿತ್ತು. ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಪ್ಪಣೆ ಬೇರೆ ಬೇಕು, ಗಾಳಿಗೆ ಹಾರಿಸಿ ಓಡಿಸಿದರೆ ಸಾಕು ಎಂದು ನಾನು ಮೊದಲೇ ಹೇಳಿದ್ದೆ. ಗಾಳಿಗೆ ಹಾರಿಸುವುದು ಜೋಡು ನಳಿಗೆಯವರ ಕೆಲಸ ಎಂದು ಮಾವ ಅದನ್ನು ತಳ್ಳಿಹಾಕಿದ್ದ. ಅಪ್ಪಣೆ ಕೇಳುವುದು ಹಂದಿಯ ಮುಂದೆ ತಲೆ ತಗ್ಗಿಸಿದಂತೆ ಎಂದು ಅದನ್ನೂ ಕೇಳಿರಲಿಲ್ಲ. ಉಳಿದ ದಾರಿ ಯಾವುದು ಎಂದು ನೋಡಲು ನಾನು ಹೋಗಿದ್ದೆ.

ಹಂದಿ ಬಂದವು. ತಾಯಿ ಮುಂದೆ, ಮರಿಗಳು ಹಿಂದೆ. ಕರೆದ ಮನೆಗೆ ಬಂದವರಂತೆ ಸಾಲಿಗೆ ಕೂತು ತಿನ್ನತೊಡಗಿದವು. ಮಾವ ಬಂದೂಕು ಹೆಗಲಿಗೇರಿಸಿ ಗುರಿ ಹಿಡಿದ.

"ಹಾರಸು," ಎಂದೆ.

"ತಡಿ. ಅಡ್ಡ ನಿಂದ್ರಲಿ."

ಅಡ್ಡ ನಿಂತಿತು.

"ತಡಿ. ತಲಿ ಎತ್ತಲಿ."

ಶೇಂಗಾ ನೆಲದೊಳಗಿರುವಾಗ ಹಂದಿ ತಲೆ ಏಕೆ ಎತ್ತುತ್ತದೆ ಎಂದು ಕೇಳಬೇಕೆನಿಸಿತು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು ಎಂದ. ಆಮೇಲೆ ಮರಿ ಅಡ್ಡ ಬಂತು ಎಂದ. ಹಂದಿಗಳು ಆ ಸಾಲು ಮುಗಿಸಿ, ಮುಂದಿನ ಸಾಲು ಮುಗಿಸಿ, ಹೊಟ್ಟೆ ತುಂಬಿದ ಮೇಲೆ ಕಾಲುವೆಯ ಕಡೆ ನಡೆದವು. ಮಾವ ಬಂದೂಕು ಇಳಿಸಿ, ತೋಟಾ ತೆಗೆದು, ಒರೆಸಿ ಜೇಬಿಗೆ ಹಾಕಿಕೊಂಡ. ಮುಖದಲ್ಲಿ ತೃಪ್ತಿಯಿತ್ತು.

"ಏನ್ ಮಾವ, ಹೊಡಿಲೇ ಇಲ್ಲ?"

"ಹೊಡದಿದ್ರ ಏನಾಗ್ತಿತ್ತು?"

"ಹೋಗ್ತಿದ್ವು."

"ಈಗೂ ಹೋದ್ವಲ್ಲ. ಮ್ಯಾಲ ಗುಂಡ ಉಳೀತು."

ಮರುದಿನ ಮುಂಜಾನೆ ಅತ್ತೆ ಹಂದಿ ಬಿಟ್ಟುಹೋದ ಕಾಯಿಗಳನ್ನು ಒಂದೊಂದೇ ಆರಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಉಡಿಯೂ ತುಂಬಲಿಲ್ಲ. ಮಾವ ಮಂಚಿಕೆಯ ಮೇಲಿಂದ ಅವಳಿಗೆ ಹೇಳುತ್ತಿದ್ದ, "ಆ ಕಡಿ ನೋಡು, ಅಲ್ಲೊಂದ ಬಿದ್ದದ." ದೂರದ್ದು ಅವನಿಗೆ ಆಗಲೇ ಸರಿಯಾಗಿ ಕಾಣುತ್ತಿರಲಿಲ್ಲ. ಅಲ್ಲಿ ಬಿದ್ದದ್ದು ಹಂದಿಯ ಲದ್ದಿ.

೩. ಠಾಣೆಯಲ್ಲಿ ರೋಗಿ

ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಮತ ಎಣಿಸುವವರೆಗೆ ಅವು ಅಲ್ಲಿಯೇ ಒಂದು ಕೋಣೆಯಲ್ಲಿರುತ್ತವೆ. ಮಾವ ದಿನಾ ಹೋಗಿ ನೋಡಿಬರುತ್ತಿದ್ದ. ಒಂದು ದಿನ ನನ್ನ ಬೈಕಿನ ಮೇಲೆ ಹೋದ, ಕೈಯಲ್ಲಿ ಎಣ್ಣೆ ಶೀಶೆ, ಮಲ್ಲಿನ ಬಟ್ಟೆ.

ಠಾಣೆಯ ಪಡಸಾಲೆಯಲ್ಲಿ ಇನ್ನೂ ಕೆಲವರು ಯಜಮಾನರು ಕೂತಿದ್ದರು. ಎಲ್ಲರ ಕೈಯಲ್ಲೂ ಶೀಶೆ. ಒಬ್ಬರನ್ನೊಬ್ಬರು ತಗ್ಗಿದ ದನಿಯಲ್ಲಿ ವಿಚಾರಿಸುತ್ತಿದ್ದರು.

"ನಿಮ್ದು ಹೆಂಗದ್ರಿ?"

"ಜರಾ ತಂಪ ಹತ್ತಿದಂಗ ಕಾಣ್ತದ. ನಿಮ್ದು?"

"ಬಾಜೂಕ ಯಾರದೋ ಹೊಲಸ ಬಂದೂಕ ಇಟ್ಟಾರ. ಅದರ ತುಕ್ಕ ನಮ್ದಕ್ಕ ಹತ್ತೀತಂತ ಚಿಂತಿ."

ದಫೇದಾರ ಒಳಗಿನಿಂದ ಬಂದ. ಹೊಟ್ಟೆಯೂ ತಾಳ್ಮೆಯೂ ಇದ್ದ ಮನುಷ್ಯ. ತಾಳ್ಮೆ ಕಡಿಮೆಯಾಗುತ್ತಿತ್ತು. "ಯಜಮಾನ್ರ, ಇದು ಠಾಣಾ ಅದ, ದವಾಖಾನಿ ಅಲ್ಲ. ಒಳಗ ಹೋಗಿ ಎಣ್ಣಿ ಹಚ್ಚಾಕ ಬಿಡಂಗಿಲ್ಲ."

"ಬ್ಯಾಡ್ರಿ," ಮಾವ ಎಂದ. "ಕಿಟಕ್ಯಾಗ ಮಾರಿ ತೋರಿಸಿದ್ರ ಸಾಕು."

ಅದೇ ದಿನಗಳಲ್ಲಿ ಅತ್ತೆ ಜ್ವರ ಬಂದು ನಿಜವಾದ ದವಾಖಾನೆಯಲ್ಲಿದ್ದಳು. ಅಲ್ಲಿಗೂ ಮಾವ ಒಮ್ಮೆ ಹೋದ. ದವಾಖಾನೆ ಠಾಣೆಯ ದಾರಿಯಲ್ಲೇ ಇತ್ತು.

ಹೀಗೆ ಚುನಾವಣೆ ಮುಗಿಯುವವರೆಗೆ ನಮ್ಮ ಕಡೆಯ ಹೊಲಗಳಲ್ಲಿ ಒಂದೇ ಒಂದು ಬಂದೂಕಿರಲಿಲ್ಲ. ಹಂದಿಗಳಿಗೆ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

೪. ಬಂದೂಕಿನ ಕಣ್ಣು

ಲೈಸೆನ್ಸು ನವೀಕರಣಕ್ಕೆ ಬಂತು. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಬರೆದುಕೊಡಬೇಕು ಎಂದರು. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅತ್ತೆ ಬಹಳ ದಿನದಿಂದ ಆಪರೇಷನ್ನು ಮಾಡಿಸಿಕೋ ಎನ್ನುತ್ತಿದ್ದಳು. ಮೊಮ್ಮಗಳು ಹುಟ್ಟಿದಾಗಲೂ ಹೇಳಿದ್ದಳು. "ಕೂಸಿನ ಮಾರಿ ಎಲ್ಲಿ ಹೋಗ್ತದ, ಆಮ್ಯಾಲ ನೋಡಿದ್ರಾತು," ಎಂದಿದ್ದ. ಈಗ ಬಂದೂಕಿನ ಮಾತು ಬಂತು. ಯಾದಗಿರಿಯ ಉಚಿತ ಶಿಬಿರಕ್ಕೆ ನನ್ನನ್ನು ಎಬ್ಬಿಸಿಕೊಂಡು ತಾನೇ ಹೊರಟ.

"ಬಲಗಣ್ಣ ಮಾಡ್ರಿ," ಡಾಕ್ಟರಿಗೆ ಹೇಳಿದ. "ಗುರಿ ಹಿಡಿಯೂದು ಅದ."

"ಎಡಗಣ್ಣಿನ ಪೊರೆ ಹೆಚ್ಚು ಬಲಿತಿದೆ. ಮೊದಲು ಅದೇ."

"ಎಡಗಣ್ಣಿಂದ ನನಗೇನೂ ಕೆಲಸಿಲ್ರಿ."

"ಮನೆ ಮಂದಿನ ನೋಡಬಹುದಲ್ಲ?"

"ಅವ್ರನ್ನ ನೋಡಿ ಆಗ್ಯಾದ್ರಿ."

ಮಾಡಿದ್ದು ಎಡಗಣ್ಣನ್ನೇ. ಮಾವ ಸೂತಕದ ಮುಖ ಹೊತ್ತು ಮನೆಗೆ ಬಂದ. ಉಸ್ತಾದ ಬಂದು ಸಮಾಧಾನ ಹೇಳಿದ. "ಫಿಕರ್ ಬ್ಯಾಡ್ರಿ ಯಜಮಾನ್ರ, ಎಡ ಹೆಗಲಿಗಿಟ್ಟು ಎಡಗಣ್ಣಿಂದ ಗುರಿ ಹಿಡೀರಿ. ಬ್ಯಾರೆ ರೈಫಲ್ ಆಗಿದ್ರ ಅದರ ಹಿಡಿ ಬಲಕ್ಕ ಇರ್ತಿತ್ತು, ಎಡಚರಿಗೆ ಮುಸೀಬತ್. ನಿಮ್ದು ಸಿಂಗಲ್ ಶಾಟ್. ಹಿಡಿ ಕೆಳಗ ನಡುವ ಅದ. ಅದಕ್ಕ ಎಡ ಬಲ ಅನ್ನೂ ಭೇದಿಲ್ಲ."

ಭೇದವಿಲ್ಲದ ವಸ್ತು ನಮ್ಮ ಕಡೆ ಇಷ್ಟು ಕಡಿಮೆ ಇರುವಾಗ ಈ ಬಂದೂಕಿನ ಬಗ್ಗೆ ನನಗೂ ಒಂದು ಗಳಿಗೆ ಗೌರವ ಬಂತು.

ಪಟ್ಟಿ ಬಿಚ್ಚಿದ ದಿನ ಮಾವ ಮೊದಲು ಬಂದೂಕು ತರಿಸಿಕೊಂಡ. ಬೆಳಕಿಗೆ ಹಿಡಿದ. ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಬುಡದಿಂದ ತುದಿಯವರೆಗೆ ತುಕ್ಕು. ವರ್ಷಗಟ್ಟಲೆ ಅವನು ತುಕ್ಕಿನ ಮೇಲೆಯೇ ಎಣ್ಣೆ ಹಚ್ಚಿ, ಒರೆಸಿ, ಬಂದವರಿಗೆ ಮುಟ್ಟಬೇಡಿ ಎಂದು ಹೇಳುತ್ತ ಬಂದಿದ್ದ.

"ಇದು ಹಿಂಗಾಗ್ಯಾದಂತ ಯಾರೂ ಹೇಳ್ಲಿಲ್ಲಲ್ಲ?"

"ಹೇಳಿದ್ವಿ," ಎಂದಳು ಅತ್ತೆ. "ಕಿವಿದೂ ಒಂದ ಶಿಬಿರ ಆಗಬೇಕು."

೫. ಸೀರೆ

ಆ ವರ್ಷ ಅತ್ತೆ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ತನ್ನವೂ ಓಣಿಯವರವೂ ಹಳೇ ಸೀರೆಗಳನ್ನು ಕೂಡಿಸಿ ತಂದು, ಗೂಟ ಬಡಿದು, ಹೊಲದ ಸುತ್ತ ಕಟ್ಟಿಬಿಟ್ಟಳು. ಈಗ ಎಷ್ಟೋ ಕಡೆ ಹೀಗೆ ಕಟ್ಟುತ್ತಾರೆ. ಗಾಳಿಗೆ ಸೀರೆ ಆಡುತ್ತದೆ, ಮನುಷ್ಯರ ವಾಸನೆ ಇರುತ್ತದೆ, ಹಂದಿಗೆ ಒಳಗೆ ಯಾರೋ ಇದ್ದಾರೆ ಎನಿಸುತ್ತದೆ.

ಮಾವ ನಕ್ಕ. "ದಂಡಿನವರ ಮನಿ ಹೊಲ. ಸೀರಿ ಉಡಿಸಿ ನಿಂದ್ರಿಸ್ಯಾಳ."

ಹಂದಿ ಬರಲಿಲ್ಲ. ಮಾವ ಹೊಸ ಕಣ್ಣು, ಎಡ ಹೆಗಲು, ಕೆರೆದು ಬೆಳಗಿದ ಬಂದೂಕು ಸಮೇತ ಮಂಚಿಕೆ ಏರಿ ಕೂತ. ಬರಲೇ ಇಲ್ಲ. ಗಿಡಗಳು ತುಂಬಿ ನಿಂತವು. ಅತ್ತೆ ಸಂಜೆ ಹೊಲದ ಬದುವಿನ ಮೇಲೆ ಕೂತು ಸುಮ್ಮನೆ ನೋಡುವುದನ್ನು ನಾನು ಆಗಲೇ ಮೊದಲ ಸಲ ಕಂಡದ್ದು. ಅವಳು ಕೂತದ್ದನ್ನೇ ಮೊದಲ ಸಲ ಕಂಡದ್ದು ಎಂದರೂ ಸರಿ.

ಅಷ್ಟರಲ್ಲಿ ದಫೇದಾರ ಫೋನು ಮಾಡಿದ. ಡಾಕ್ಟರ ಚೀಟಿ ಮುಟ್ಟಿದೆ, ಇನ್ನು ತಾನು ಹೊಲಕ್ಕೆ ಬಂದು ಹಂದಿಯ ಕಾಟ ಉಂಟೋ ಇಲ್ಲವೋ ನೋಡಬೇಕು, ಬೆಳೆಗೆ ಹಾನಿಯಿಲ್ಲದಿದ್ದರೆ ಬೆಳೆ ರಕ್ಷಣೆಯ ಬಂದೂಕು ಯಾಕೆ ಎಂದು ಮೇಲಿನವರು ಕೇಳುತ್ತಾರೆ ಎಂದ. ನ್ಯಾಯವಾದ ಪ್ರಶ್ನೆ. ಸರ್ಕಾರ ಅಪರೂಪಕ್ಕೆ ಕೇಳುತ್ತದೆ.

ಮಾವ ಫೋನು ಇಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ದನಿ ಹೊಸ ಅಳಿಯನ ದನಿಯಂತೆ ಮೆತ್ತಗಿತ್ತು.

"ಆ ಸೀರಿ ಜರಾ ಬಿಚ್ಚತೀಯೇನು?"

"ಯಾಕ?"

"ಹಂದಿ ಬರಬೇಕಾಗ್ಯಾದ."

ಅತ್ತೆ ತಿರುಗಿ ನೋಡಿದಳು. "ನಿನ್ನ ಬಂದೂಕ ಬದುಕಾಕ ನನ್ನ ಶೇಂಗಾ ಸಾಯಬೇಕೇನು?"

"ಪೂರಾ ಬ್ಯಾಡ. ಒಂದ ಮೂಲಿ. ದಫೇದಾರಗ ಕಾಣುವಷ್ಟ."

"ನೀನ ಹೋಗಿ ಕರಕೊಂಡು ಬಾ," ಎಂದಳು ಅತ್ತೆ. "ಇಷ್ಟ ವರ್ಷದ ಗುರ್ತ ಅದ ನಿನಗೂ ಅವಕ್ಕೂ. ಇಲ್ಲ ಅನ್ನಂಗಿಲ್ಲ."

೬. ಹಂದಿ

ದಫೇದಾರ ಬರುವ ದಿನ ಮಾವ ನನ್ನನ್ನು ಶಹಾಪುರದಿಂದ ಕರೆಸಿಕೊಂಡ. ಕಲಿತವನು ಪಕ್ಕದಲ್ಲಿ ನಿಂತರೆ ಸುಳ್ಳಿಗೆ ತೂಕ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ದಫೇದಾರ ಬೈಕು ನಿಲ್ಲಿಸಿ, ಟೊಪ್ಪಿಗೆ ಸರಿ ಮಾಡಿಕೊಂಡು ಹೊಲಕ್ಕಿಳಿದ. ಅತ್ತೆ ನಮಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದಳು.

ಹೊಲದ ಒಂದು ಮೂಲೆ ಹಾಳಾಗಿತ್ತು.

"ನೋಡ್ರಿ," ಮಾವ ಕೈ ತೋರಿಸಿದ. "ಹೆಂಗ ಮಾಡ್ಯಾವ ನೋಡ್ರಿ."

ದಫೇದಾರ ನೋಡಿದ. ನಾನೂ ನೋಡಿದೆ. ಆ ಮೂಲೆಯ ಸೀರೆಗಳನ್ನು ಹಂದಿ ಗಂಟು ಬಿಚ್ಚಿ ತೆಗೆದಿತ್ತು. ತೆಗೆದು, ಮಡಿಚಿ, ಬದುವಿನ ಮೇಲೆ ಇಟ್ಟು, ಹಾರದಂತೆ ಕಲ್ಲು ಹೇರಿತ್ತು. ಸಾಲು ಹಿಡಿದು ಅಗೆದಿತ್ತು. ಒಂದು ಸಾಲು ಪೂರಾ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿತ್ತು. ಕಿತ್ತ ಗಿಡಗಳನ್ನು ತಿಂದಿರಲಿಲ್ಲ. ಮಣ್ಣು ಝಾಡಿಸಿ, ಕಾಯಿ ಮೇಲೆ ಮಾಡಿ, ಬಿಸಿಲಿಗೆ ಗುಂಪೆ ಹಾಕಿತ್ತು. ಒಕ್ಕಲುತನದ ಕೈ ಎಷ್ಟು ಮೋಸ ಮಾಡಲು ಹೊರಟರೂ ಕಾಯಿಯನ್ನು ಮಣ್ಣುಪಾಲು ಮಾಡಲು ಒಪ್ಪುವುದಿಲ್ಲ. ಅಷ್ಟರಮಟ್ಟಿಗೆ ಮಾವ ಒಳ್ಳೆಯ ಮನುಷ್ಯ.

ದಫೇದಾರ ಗುಂಪೆಯಿಂದ ಒಂದು ಕಾಯಿ ಕಿತ್ತು, ಒಡೆದು, ಬಾಯಿಗೆ ಹಾಕಿಕೊಂಡ. "ನಿಮ್ಮ ಕಡಿ ಹಂದಿ ಭಾಳ ಶಿಸ್ತಿನವು ಅವ ರೀ."

"ದೊಡ್ಡ ಜಾತಿ ಹಂದಿ ರೀ," ಎಂದ ಮಾವ, ಮುಖದ ಒಂದು ಗೆರೆಯೂ ಅಲುಗದಂತೆ.

"ಹಸದಿದ್ದಿಲ್ಲ ಅಂತ ಕಾಣ್ತದ."

"ಸೊಕ್ಕ ರೀ. ಹೊಟ್ಟಿ ತುಂಬಿದ ಸೊಕ್ಕ."

ದಫೇದಾರ ನನ್ನ ಕಡೆ ನೋಡಿದ. ನಾನು ಕಾಲುವೆಯ ಕಡೆ ನೋಡಿದೆ. ಅವನು ಬದುವಿನ ಮೇಲೆ ಕೂತು ಬೆವರು ಒರೆಸಿಕೊಂಡ. ಬಿಸಿಲಿತ್ತು, ಇನ್ನೂ ಎಲ್ಲೆಲ್ಲಿಗೋ ಹೋಗುವುದಿತ್ತು, ಒಬ್ಬ ಮುದುಕನ ಹಳೇ ಬಂದೂಕಿನಿಂದ ರಾಜ್ಯಕ್ಕೆ ಬರುವ ಅಪಾಯವೇನೂ ಅವನಿಗೆ ಕಂಡಂತಿರಲಿಲ್ಲ.

"ನೋಡ್ರಿ ಯಜಮಾನ್ರ. ನನಗ ಕಣ್ಣ ಅವ, ಆದ್ರ ನನಗೇನೂ ಆಗಬೇಕಾಗಿಲ್ಲ. ಹೊಲ ಅಮ್ಮನ ಹೆಸರ್ಲೆ ಅದ. ಹಂದಿ ಬಂದಿತ್ತು ಅಂತ ಅವ್ರ ಬಾಯಿಂದ ಒಂದ ಮಾತ ಹೇಳಿದ್ರ ಬರಕೊಂಡು ಹೋಗ್ತೀನಿ, ಬಂದೂಕ ನಿಮ್ಮ ಮನ್ಯಾಗ ಇರ್ತದ. ಇಲ್ಲ ಅಂದ್ರ ಇವತ್ತ ನನ್ನ ಸಂಗಾಟ ಬರ್ತದ, ಮತ್ತ ವಾಪಸ ಬರಂಗಿಲ್ಲ."

ಮಾವನ ಕೈ ಹೆಗಲ ಮೇಲಿನ ಬಂದೂಕಿನ ಪಟ್ಟಿಯನ್ನು ಹಿಡಿಯಿತು. ಅವನು ಅತ್ತೆಯ ಮುಖ ನೋಡಿದ. ಆಪರೇಷನ್ನು ಆದಮೇಲೆ ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು, ಯಾಕೆಂದರೆ ಸ್ವಲ್ಪ ಬೆಚ್ಚಿದ. ಅತ್ತೆ ಗುಂಪೆಯ ಪಕ್ಕ ಕೂತು ಒಂದು ಗಿಡ ಎತ್ತಿ ಕಾಯಿಗಳನ್ನು ತಿರುಗಿಸಿ ನೋಡುತ್ತಿದ್ದಳು. ಇನ್ನೂ ಬಲಿತಿರಲಿಲ್ಲ. ಕೀಳಲು ಇನ್ನೂ ಕೆಲವು ವಾರ ಬೇಕಿತ್ತು. ಕಿತ್ತದ್ದು ಎಣ್ಣೆಗೂ ಬರುವುದಿಲ್ಲ, ಬೀಜಕ್ಕೂ ಬರುವುದಿಲ್ಲ.

"ಹೇಳ್ರಿ ಅಮ್ಮಾ. ಹಂದಿ ಬಂದಿತ್ತು ಖರೇನ?"

"ಖರೇ ರೀ. ಬೆಳಗಾಮುಂಜಾನೆ ನಾನ ಕಣ್ಣಾರೆ ನೋಡೀನಿ."

ಮಾವ ಉಸಿರು ಬಿಟ್ಟ. ದಫೇದಾರ ಪೆನ್ನು ತೆಗೆದ.

"ಎಷ್ಟ ಇದ್ವು?"

"ಒಂದ ರೀ. ಬಿಳಿ ಧೋತರ ಉಟ್ಟಿತ್ತು."

ಪೆನ್ನು ನಿಂತಿತು. ದಫೇದಾರ ಮಾವನ ಧೋತರ ನೋಡಿದ. ಮೊಣಕಾಲಿನವರೆಗೆ ಕೆಂಪು ಮಣ್ಣು. ನಗಬಾರದೆಂದು ಬಹಳ ಕಷ್ಟಪಟ್ಟು, ಗಂಟಲು ಸರಿಮಾಡಿಕೊಂಡು, ಕರ್ತವ್ಯಕ್ಕೆ ತಕ್ಕ ಪ್ರಶ್ನೆಯನ್ನೇ ಕೇಳಿದ.

"ಮತ್ತ ಮನ್ಯಾಗ ಬಂದೂಕ ಇದ್ದಾಗ ತಂದು, ಒಂದ ಗುಂಡ ಹಾರಿಸಿ ಓಡಿಸಬೇಕಿಲ್ಲೇನಮ್ಮಾ?"

ಅತ್ತೆ ಕೈಯಲ್ಲಿದ್ದ ಗಿಡವನ್ನು ಗುಂಪೆಯ ಮೇಲೆ ಹಾಕಿ ಎದ್ದಳು.

"ಹೆಂಗ ಓಡಿಸಲ್ರಿ? ಬಂದೂಕ ಹಂದಿ ಹೆಗಲ ಮ್ಯಾಲ ಇತ್ತು."